ರೈಲಿನಲ್ಲಿ ಉಳಿದ ಬೂಟು

ಹಲ್ಲಿನ ಸೆಟ್ಟನ್ನು ಕೈಗೆ ಕೊಡುವಾಗ ಅತ್ತೆ ಮುಖ ಆಚೆ ತಿರುಗಿಸಿಕೊಂಡರು. ಸೆಟ್ಟಿನಲ್ಲಿ ತಂತಿ ಇತ್ತು. ತಂತಿ, ಪಿನ್ನು, ಕೊಕ್ಕೆ, ಉಂಗುರ ಯಾವುದೂ ಎಂ.ಆರ್.ಐ. ಮೆಷಿನ್ನಿನ ಕೋಣೆಯೊಳಗೆ ಹೋಗುವಂತಿರಲಿಲ್ಲ. ದಿನವೂ ಎಷ್ಟೋ ಮುದುಕರ ಮುಂದೆ ಹಿಡಿಯುವ ಹಾಗೆಯೇ ಅವಳು ಮುಚ್ಚಳದ ಡಬ್ಬಿಯನ್ನು ಹಿಡಿದು ನಿಂತಿದ್ದಳು. ಬೇರೆಯವರದಾದರೆ ಡಬ್ಬಿಯ ಮೇಲೆ ನಂಬರು ಬರೆದು ಅಲಮಾರಿಯಲ್ಲಿಟ್ಟು ಮರೆತುಬಿಡುತ್ತಿದ್ದಳು. ಇದು ಮಾತ್ರ ಕೈಯಲ್ಲಿ ಬೆಚ್ಚಗೆ ಕೂತಿತು. "ನನ್ನ ನೋಡ್ಬೇಡ ಕಣೇ," ಎಂದರು ಅತ್ತೆ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು. ಮಾತು ಅರ್ಧ ಗಾಳಿಯಾಗಿ ಬಂತು. ಮನೆಯಲ್ಲಿ ಬಾಗಿಲು ಹಾಕಿಕೊಂಡೇ ಹಲ್ಲು ತೊಳೆಯುವ ಹೆಂಗಸು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದೂ ಅವರ ಬರೀ ಬಾಯಿಯನ್ನು ಅವಳು ಕಂಡದ್ದು ಒಂದೇ ಸಲ, ಆಸ್ಪತ್ರೆಯಿಂದ ಫೋನು ಬಂದ ಬೆಳಿಗ್ಗೆ. ಆ ಬಾಯಿಯ ವಿಷಯವನ್ನು ಇಬ್ಬರೂ ಆಮೇಲೆ ಎತ್ತಿಲ್ಲ. ಅವಳು ಹಿಂದೆ ಹೋಗಿ ಗೌನಿನ ಲಾಡಿ ಕಟ್ಟಿದಳು. ಬೆನ್ನಿನ ಚರ್ಮ ತೊಳೆದು ಹಿಂಡಿ ಹರವಿದ ಬಟ್ಟೆಯ ಹಾಗೆ ಸಣ್ಣ ಸಣ್ಣ ನಿರಿಗೆಯಾಗಿತ್ತು. "ಬಿಗಿ ಆಯ್ತಾ ಅತ್ತೆ?" ಎಂದು ಕೇಳಿದಳು. "ಈ ವಯಸ್ಸಿಗೆ ಬಿಗಿ ಏನು, ಸಡಿಲ ಏನು. ಬಿಚ್ಚಿ ಬೀಳದಿದ್ರೆ ಸಾಕು." ಅವಳು ನಗಬೇಕಾಗಿತ್ತು. ನಗು ಬರಬೇಕಾದ ಜಾಗದಲ್ಲಿ ಒಂದು ಸಣ್ಣ ತಡ ಆಗಿ, ಆ ತಡವನ್ನು ಅತ್ತೆ ಗಮನಿಸಿ, ಗಮನಿಸಲಿಲ್ಲವೆಂಬಂತೆ ಚಪ್ಪಲಿಯನ್ನು ಕಾಲಿನಿಂದ ಮೂಲೆಗೆ ಸರಿಸಿದರು. ಅವಳ ಸ್ವಂತ ಉಂಗುರ ಪಕ್ಕದ ಲಾಕರಿನಲ್ಲಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಬೆಳಿಗ್ಗೆ ತೆಗೆದಿಡುವುದು, ಸಂಜೆ ಹಾಕಿಕೊಂಡು ಹೋಗುವುದು. ಗಂಡ ತೀರಿಹೋದಮೇಲೆ ಯಾವುದೋ ಒಂದು ಸಂಜೆ ಹಾಕಿಕೊಳ್ಳುವುದು ಮರೆತುಹೋಗಿ, ಮರುದಿನವೂ ಮರೆತು, ಅದು ಅಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ, ಆದರೆ ಊಟಕ್ಕೆ ಬಡಿಸುವಾಗ ಕೆಲವು ಸಲ ಅವರ ಕಣ್ಣು ಅವಳ ಬೆರಳಿನ ಮೇಲೆ ಬಂದು ಹೋಗುತ್ತಿತ್ತು.

ಅವಳು ಕೆಲಸ ಮಾಡುವ ವಿಭಾಗದ ಈ ಅಧ್ಯಯನದಲ್ಲಿ ಅತ್ತೆಯ ಗುಂಪಿಗೆ 'ಆರೋಗ್ಯವಂತ ವೃದ್ಧರು' ಎಂದು ಹೆಸರು. ಕಾಯಿಲೆ ಇಲ್ಲದೆ ಸುಮ್ಮನೆ ವಯಸ್ಸಾಗುತ್ತ ಹೋದರೆ ಮಿದುಳಿನೊಳಗಿನ ಎಳೆಗಳು ಹೇಗೆ ಬದಲಾಗುತ್ತವೆ, ಅದರ ಜೊತೆಗೆ ನೆನಪು, ಲಕ್ಷ್ಯ, ಚುರುಕು ಹೇಗೆ ಬದಲಾಗುತ್ತವೆ ಎಂದು ವರ್ಷಕ್ಕೊಮ್ಮೆ ಕರೆದು ನೋಡುತ್ತಾರೆ. ಶುರುವಿನಲ್ಲಿ ಜನ ಸಿಗದೆ ಕೆಲಸದವರ ಮನೆಯ ಹಿರಿಯರನ್ನೆಲ್ಲ ಕರೆಸಿದ್ದರು. ಅತ್ತೆ ಖುಷಿಯಿಂದ ಬಂದಿದ್ದರು. ಮೊದಲ ವರ್ಷ ಮನೆಗೆ ಹೋಗಿ, "ಹುಷಾರು, ನಾನೀಗ ಸರ್ಟಿಫೈ ಆದ ಆರೋಗ್ಯವಂತ ವೃದ್ಧೆ, ನನ್ನ ಹತ್ರ ವಾದ ಮಾಡ್ಬೇಡಿ," ಎಂದು ಮನೆಯಿಡೀ ಓಡಾಡಿದ್ದರು. ಈ ಸಲ ಖುಷಿ ಇರಲಿಲ್ಲ. ಚಳಿಗಾಲದಲ್ಲಿ ಒಂದು ದಿನ ಅತ್ತೆ ಅಡುಗೆಮನೆಯ ನಲ್ಲಿಯನ್ನು ಬಿಟ್ಟು ಮಲಗಿ, ಕೆಳಗಿನ ಮನೆಯ ಚಾವಣಿ ಊದಿ, ಸುಣ್ಣ ಅವರ ಹಾಸಿಗೆಯ ಮೇಲೆ ಉದುರಿತ್ತು. ಕೆಳಗಿನ ಮನೆಯವರು ಅವಳಿಗೆ ಹೇಳದೆ ನೇರವಾಗಿ ಭಾವನಿಗೆ ಫೋನ್ ಮಾಡಿದ್ದರು. ಗಂಡಸಿಲ್ಲದ ಮನೆಯ ದೂರು ಎಲ್ಲಿಗೆ ಹೋಗಬೇಕೆಂದು ಅವರಿಗೆ ಗೊತ್ತಿತ್ತು. ಆಗಿನಿಂದ ಅವಳ ಗಂಡನ ಅಣ್ಣ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಒಳ್ಳೆಯ ಮನುಷ್ಯ, ದನಿ ಏರಿಸುವವನಲ್ಲ. ತನ್ನ ಮನೆಯಲ್ಲಿ ಅಮ್ಮನಿಗೆಂದು ಒಂದು ಕೋಣೆ ಖಾಲಿ ಮಾಡಿಸಿದ್ದಾನೆ, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಾನೆ. ಈವತ್ತು ಬೆಳಿಗ್ಗೆ ಅವಳು ಬಾತ್‌ರೂಮಿನಲ್ಲಿದ್ದಾಗಲೇ ಫೋನು ಬಂತು. "ಇವತ್ತಲ್ವೇನಮ್ಮ ಟೆಸ್ಟು? ಸಂಜೆ ಮಾಡ್ತೀನಿ. ನೀನು ಅಲ್ಲೇ ಕೆಲಸ ಮಾಡೋಳು, ನಿನಗೆ ಗೊತ್ತಾಗುತ್ತೆ. ತಲೆ ಸರಿ ಇಲ್ಲ ಅಂದ್ರೆ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ. ನೀನು ಏನು ಹೇಳ್ತೀಯೋ ಅದೇ. ಅಮ್ಮನ ಮಾತು ಕೇಳೋಲ್ಲ ನಾನು." ಆಯ್ತು ಭಾವ, ಎಂದು ಇಟ್ಟು ಕನ್ನಡಿ ನೋಡಿಕೊಂಡಳು. ಹಬೆಯಲ್ಲಿ ಮುಖ ಇರಲಿಲ್ಲ. ಇಲ್ಲದ ಆ ಮುಖಕ್ಕೆ ಮೆಲ್ಲಗೆ ಹೇಳಿ ನೋಡಿದಳು: ಕರ್ಕೊಂಡು ಹೋಗಿ ಭಾವ. ಮತ್ತೊಮ್ಮೆ ಹೇಳಿದಳು. ಎರಡನೆಯ ಸಲ ಸುಲಭವಾಗಿತ್ತು. ಬಾಗಿಲ ಹೊರಗಿಂದ ಅತ್ತೆ, "ಯಾರ ಹತ್ರ ಮಾತು?" ಎಂದು ಕೂಗಿದರು.

ಅತ್ತೆ ಅವಳಿಗೆ ಯಾವ ಕಷ್ಟವನ್ನೂ ಕೊಟ್ಟವರಲ್ಲ. ಆದರೆ ಅವರು ಮಾತಾಡುತ್ತಾರೆ. ಸಾರಿಗೆ ಉಪ್ಪು ಹಾಕುವಾಗ ಹೋದ ಮಗನಿಗೆ ಉಪ್ಪು ಎಷ್ಟು ಬೇಕಿತ್ತು ಎಂಬ ಮಾತು, ಬಟ್ಟೆ ಮಡಚುವಾಗ ಅವನು ಸಣ್ಣವನಿದ್ದಾಗ ಅಂಗಿಯ ಗುಂಡಿ ನುಂಗಿದ ಮಾತು. ಹೇಳಿ ಮುಗಿಸಿ ಅವಳ ಮುಖ ನೋಡುತ್ತಾರೆ. ಬೇಡುವ ನೋಟವೇನಲ್ಲ, ಸುಮ್ಮನೆ ನೋಡುತ್ತಾರೆ, ತಿರುಗಿ ಏನಾದರೂ ಬರುತ್ತದೋ ಎಂದು. ಅವಳಿಂದ ಏನೂ ಬರುವುದಿಲ್ಲ. ಅವಳು ಇನ್ನೂ ಸರಿಯಾಗಿ ಅತ್ತಿಲ್ಲ. ಅತ್ತೆ ಅತ್ತಿದ್ದರು, ಮೂರು ತಿಂಗಳು ಬಿಡದೆ ಅತ್ತು, ಆಮೇಲೆ ಒಂದು ದಿನ ಕಣ್ಣೊರೆಸಿಕೊಂಡು ಬೀನ್ಸ್ ಹೆಚ್ಚಲು ಕೂತಿದ್ದರು. ಅವಳ ಪಾಲಿನದು ಎಲ್ಲೋ ಒಳಗೆ ಹೆಪ್ಪುಗಟ್ಟಿ ಕೂತಿದೆ. ಅದನ್ನು ಕಾಯುತ್ತ ಒಬ್ಬರು ಎದುರಿಗೆ ಕೂತಿರುವುದು ಅವಳಿಗೆ ಆಯಾಸ. ಒಂಟಿ ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ ಎಂಬ ಯೋಚನೆ ಬಂದಾಗ ದಣಿದ ಕಾಲನ್ನು ನೀರಿನಲ್ಲಿ ಇಟ್ಟ ಹಾಗೆ ಆಗುತ್ತಿತ್ತು. ಮರುಗಳಿಗೆಯೇ ನಾಚಿಕೆಯಾಗುತ್ತಿತ್ತು.

ಗಾಜಿನ ಆಚೆ ಮೆಷಿನ್ನು ಅತ್ತೆಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡಿತು. ಕೊನೆಗೆ ಎರಡು ಪಾದ ಮಾತ್ರ ಹೊರಗೆ ಉಳಿದವು, ಬಿಳಿ ಸಾಕ್ಸಿನೊಳಗೆ. ಹೆಬ್ಬೆರಳಿನ ಹತ್ತಿರ ಒಂದು ತೂತಿತ್ತು. ಹೊಲಿದು ಕೊಡಬೇಕಾಗಿತ್ತು ಎಂದುಕೊಂಡಳು. ಗುಂಡಿ ಒತ್ತಿ ಮೈಕಿನಲ್ಲಿ ದಿನವೂ ಹೇಳುವುದನ್ನು ಹೇಳಿದಳು, "ಈಗ ಎದುರಿಗೆ ಒಂದು ಗುರುತು ಕಾಣುತ್ತೆ. ಅದನ್ನೇ ನೋಡ್ತಾ ಇರಿ. ಏನನ್ನೂ ಬೇಕಂತ ಯೋಚನೆ ಮಾಡ್ಬೇಡಿ. ನಿದ್ದೆ ಮಾತ್ರ ಮಾಡ್ಬೇಡಿ." ಒಳಗಿಂದ ಹಲ್ಲಿಲ್ಲದ ದನಿ ಬಂತು, "ಯೋಚನೇನೂ ಇಲ್ಲ, ನಿದ್ದೇನೂ ಇಲ್ಲ, ಸುಮ್ನೆ ಬಿದ್ದಿರೋದು. ಅದು ನಿಮ್ಮ ಮಾವನವರಿಗೆ ಮಾತ್ರ ಬರ್ತಿತ್ತು ಕಣೇ." ಮೆಷಿನ್ನು ಬಡಿಯತೊಡಗಿತು, ಬಾಗಿಲು ತಟ್ಟಿ ತಟ್ಟಿ ಸಾಕಾಗಿ ಗೋಡೆ ತಟ್ಟುವವರ ಹಾಗೆ. ಪರದೆಯ ಮೇಲೆ ಅತ್ತೆಯ ತಲೆ ಹೋಳು ಹೋಳಾಗಿ ಬಂತು, ಬೂದು ಬಣ್ಣದ ಹೂಕೋಸಿನ ಹಾಗೆ. ಯಾರದ್ದಾದರೂ ಹೀಗೆಯೇ ಕಾಣುತ್ತದೆ. ಈ ಕೆಲಸ ನಡೆಸುವ ಮೇಡಂ ನೋಡಲು ಬಂದವರಿಗೆಲ್ಲ ಇದೇ ಪರದೆಯ ಮುಂದೆ ನಿಂತು ವಿವರಿಸುತ್ತಾರೆ: ಮಿದುಳು ಒಂದು ಊರು ಅಂದ್ಕೊಳ್ಳಿ. ಹರೆಯದಲ್ಲಿ ಒಂದೊಂದು ಬೀದಿಗೆ ಒಂದೊಂದು ಕೆಲಸ, ಬೀದಿಯವರು ತಮ್ಮತಮ್ಮಲ್ಲೇ ಮಾತಾಡ್ಕೊಂಡು ಮುಗಿಸ್ತಾರೆ. ವಯಸ್ಸಾದಂತೆ ಬೀದಿಯೊಳಗಿನ ಮಾತು ಕಡಿಮೆ ಆಗುತ್ತೆ, ಬೀದಿ ಬೀದಿಗಳ ನಡುವೆ ಜಾಸ್ತಿ ಆಗುತ್ತೆ. ಒಬ್ಬರಿಂದ ಆಗ್ತಿದ್ದ ಕೆಲಸಕ್ಕೆ ಅಕ್ಕಪಕ್ಕದ ನಾಲ್ಕು ಜನ ಬಂದು ಕೈ ಹಾಕ್ತಾರೆ. ಕೆಲಸ ನಿಧಾನ, ಗಲಾಟೆ ಜಾಸ್ತಿ, ಆದರೆ ಬಹಳಷ್ಟು ಸಲ ಕೆಲಸ ಆಗುತ್ತೆ. ಇದು ಕಾಯಿಲೆ ಅಲ್ಲ. ಆಮೇಲೆ, ಸುಮ್ಮನಿದ್ದಾಗ ಮಾತ್ರ ತನ್ನಷ್ಟಕ್ಕೆ ಹರಟುವ ಒಂದು ಬೀದಿ ಇದೆ, ಹಳೆಯದು, ಮುಂದಿನದು, ತನ್ನವರದು ಎಲ್ಲ ಅಲ್ಲೇ. ಹರೆಯದವರಲ್ಲಿ ಕೆಲಸ ಶುರುವಾದ ಕೂಡಲೇ ಅದು ಬಾಯಿ ಮುಚ್ಚುತ್ತೆ. ವಯಸ್ಸಾದವರಲ್ಲಿ ಪೂರ್ತಿ ಮುಚ್ಚೋದಿಲ್ಲ. ಅಷ್ಟು ಹೇಳಿ ಮೇಡಂ ಪ್ರತಿ ಸಲವೂ, "ನಮ್ಮ ಅತ್ತೆ ಇದ್ದ ಹಾಗೆ," ಎನ್ನುತ್ತಾರೆ. ಬಂದವರು ನಗುತ್ತಾರೆ. ಹೋಲಿಕೆಗೆ ಹರೆಯದವರೂ ಬೇಕಲ್ಲ ಎಂದು ಒಂದು ಸಲ ಅವಳನ್ನೂ ಮಲಗಿಸಿದ್ದರು. ಅವನು ಹೋಗಿ ನಾಲ್ಕೈದು ತಿಂಗಳಾಗಿತ್ತು. ಅಷ್ಟು ಬಡಿತದ ನಡುವೆ, ಮನೆಯಲ್ಲಿ ಬಾರದ ನಿದ್ದೆ ಅಲ್ಲಿ ಬಂದುಬಿಟ್ಟಿತು. ಮೇಡಂ ಬೈಯಲಿಲ್ಲ. ಅವಳ ಚಿತ್ರಗಳನ್ನು ಅಳಿಸಿ, ಮನೆಗೆ ಹೋಗಿ ರೆಸ್ಟ್ ತಗೊಳ್ಳಮ್ಮ ಎಂದಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಮೆಷಿನ್ನಿನಿಂದ ಇಳಿಸಿ, ಹಲ್ಲು ಕೊಟ್ಟು, ಅತ್ತೆಯನ್ನು ಮತ್ತೆ ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟಳು. ಮನೆಯವರ ಪರೀಕ್ಷೆಯನ್ನು ಮನೆಯವರು ಮಾಡುವಂತಿಲ್ಲ, ಅದಕ್ಕೆ ಅಲ್ಲಿ ದೊಡ್ಡಕ್ಕ ಇದ್ದಳು. ಇಡೀ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳಾದ್ದರಿಂದ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದುದು. ಮುದುಕರೆಲ್ಲ ಕಿವುಡರೆಂದು ನಂಬಿದ್ದ ಅವಳು ಕಾರಿಡಾರಿಗೆಲ್ಲ ಕೇಳುವ ಹಾಗೆ, "ಬನ್ನಿ ಅಮ್ಮಾ, ಕೂತ್ಕೊಳ್ಳಿ ಅಮ್ಮಾ, ಸುಸ್ತಾಯ್ತಾ ಅಮ್ಮಾ?" ಎಂದಳು. "ಕಿವಿ ಇದೆ ತಾಯಿ, ಹೋಗಿರೋದು ಹಲ್ಲು," ಎಂದರು ಅತ್ತೆ. ಬಾಗಿಲು ಮುಚ್ಚಿತು. ಅವಳು ಹೊರಗಿನ ಬೆಂಚಿನ ಮೇಲೆ ಅತ್ತೆಯ ಕೈಚೀಲ ಹಿಡಿದು ಕೂತಳು. ಒಳಗೆ ಏನು ನಡೆಯುತ್ತಿದೆ ಎಂದು ಅವಳಿಗೆ ಗೊತ್ತು. ಬೆಳಿಗ್ಗೆಯೇ ಒಂದು ಸಣ್ಣ ಕಥೆ ಓದಿ ಹೇಳಿ, ಕೂಡಲೇ ತಿರುಗಿ ಹೇಳಿಸಿರುತ್ತಾರೆ. ಈಗ ಮೆಷಿನ್ನಿನಲ್ಲಿ ಮಲಗಿ ಬಂದಮೇಲೆ, ಮತ್ತೆ ಓದದೆ, ಅದನ್ನೇ ಇನ್ನೊಮ್ಮೆ ಹೇಳಿ ಎನ್ನುತ್ತಾರೆ. ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂದು ನೋಡುವುದು. ಅಂಥ ಕಥೆಗಳು ಮೂರಿವೆ, ವರ್ಷಕ್ಕೊಂದು. ನಾಲ್ಕನೆಯ ವರ್ಷ ಮೊದಲನೆಯದು ಮತ್ತೆ ಬರುತ್ತದೆ. ಅಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ ಎಂದು ಅಂದಾಜು. ಅತ್ತೆಗೆ ಇದು ನಾಲ್ಕನೆಯ ವರ್ಷ.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡಕ್ಕ ಹೊರಗೆ ಬಂದಳು. ಅತ್ತೆ ಒಳಗೆ ಚಹಾ ಕುಡಿಯುತ್ತಿದ್ದರು. ದೊಡ್ಡಕ್ಕ ಅವಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಮುಚ್ಚಿದಳು. "ನಿನಗೆ ಕೇಳಿಸಬಾರದು, ಗೊತ್ತು. ಆದ್ರೂ ಕೇಳು," ಎಂದು ಹೆಡ್‌ಫೋನು ಕೊಟ್ಟಳು. "ಬೆಳಿಗ್ಗೆ ಹೇಳಿದ್ದು ಪರವಾಗಿಲ್ಲ. ಒಂದೆರಡು ವಿವರ ಬಿಟ್ರು, ಅದು ಎಲ್ರೂ ಬಿಡ್ತಾರೆ. ಈಗ ಹೇಳಿದ್ದು ನೋಡು. ಕೊನೆಗೆ ಏನೇನೋ ಸೇರಿಸಿದ್ರು. ಒಂದು ಮಾತು ಎರಡು ಮಾತಾದ್ರೆ ನಾನೂ ಬಿಡ್ತಿದ್ದೆ. ಇಡೀ ಒಂದು ಕಥೇನೇ ಕಟ್ಟಿದ್ದಾರೆ. ಇದನ್ನ ಡಾಕ್ಟರ್ ಮೀಟಿಂಗಿಗೆ ಇಡ್ಬೇಕಾಗುತ್ತೆ ಕಣೇ. ಆಮೇಲೆ ಮನೆಯವರಿಗೆ ಹೇಳಿ ಕಳಿಸ್ತಾರೆ." ಮನೆಯವರು ಎಂದರೆ ಭಾವ. ಅವಳಿಗೆ ಥಟ್ಟನೆ ಆಸೆಯಾಯಿತು. ಎಷ್ಟು ಸುಲಭ. ತಾನು ಏನೂ ಹೇಳಬೇಕಾಗಿಲ್ಲ, ಡಾಕ್ಟರೇ ಹೇಳುತ್ತಾರೆ. ಬೆಳಿಗ್ಗೆ ಕನ್ನಡಿಗೆ ಹೇಳಿದ ಮಾತನ್ನು ಇನ್ನೊಬ್ಬರು ಅವಳ ಪರವಾಗಿ ಹೇಳಿಬಿಡುತ್ತಾರೆ. ಹೆಡ್‌ಫೋನು ಹಾಕಿಕೊಂಡಳು.

ಅತ್ತೆಯ ದನಿ ಕಿವಿಯೊಳಗೇ ಬಂದು ಕೂತಿತು. "ಒಬ್ಬಳು ನರ್ಸು. ಕೆಲಸ ಮುಗಿಸ್ಕೊಂಡು ರೈಲಲ್ಲಿ ಮನೆಗೆ ಹೋಗ್ತಿದ್ಳು. ಪಾಪ, ಸುಸ್ತಾಗಿರುತ್ತೆ. ಚೀಲ ಸೀಟಿನ ಮೇಲೇ ಬಿಟ್ಟು ಇಳಿದ್ಳು. ಚೀಲದ ಬಣ್ಣ... ಯಾವ್ದೋ ಒಂದು ಬಣ್ಣ. ಅದರಲ್ಲಿ ಬ್ರೆಡ್ಡಿತ್ತು, ಕನ್ನಡಕ ಇತ್ತು, ಮಗಳಿಗೆ ಅಂತ ಕೊಂಡಿದ್ದ ಕೆಂಪು ಬೂಟಿತ್ತು. ಸ್ಟೇಷನ್ ಮಾಸ್ತರ್ರು ಮುಂದಿನ ಸ್ಟೇಷನ್ನಿಗೆ ಫೋನ್ ಮಾಡಿದ್ರು. ಮಾರನೇ ದಿನ ಚೀಲ ಸಿಕ್ತು. ಬೂಟು ಮಾತ್ರ ಇರ್ಲಿಲ್ಲ." ಕಥೆ ಅಲ್ಲಿಗೆ ಮುಗಿಯಬೇಕು. ಅಲ್ಲಿಗೇ ಮುಗಿಯುತ್ತದೆ ಅದು. ಅತ್ತೆ ಉಸಿರು ತೆಗೆದುಕೊಂಡದ್ದು ಕೇಳಿಸಿತು. "ಆ ಬೂಟು ಕದ್ದೋನಿಗೂ ಒಬ್ಬಳು ಮಗಳಿದ್ಳು. ತಗೊಂಡ್ಹೋಗಿ ಕಾಲಿಗೆ ಹಾಕಿದ. ಚಿಕ್ಕದಾಯ್ತು. ಮಗು ಅತ್ತುಬಿಡ್ತು. ಅವನಿಗೆ ನಾಚಿಕೆ ಆಗಿ, ಮಾರನೇ ದಿನ ಅದೇ ರೈಲಿನ ಅದೇ ಸೀಟಿನ ಮೇಲೆ ಇಟ್ಟು ಬಂದ, ಯಾರ ಕಾಲಿಗೆ ಆಗುತ್ತೋ ಅವರು ಹಾಕ್ಕೊಳ್ಳಲಿ ಅಂತ. ಯಾರೂ ಹಾಕ್ಕೊಳ್ಳಲಿಲ್ಲ. ಎಲ್ರೂ ಬೇರೆ ಯಾರದೋ ಅಂತ ಬಿಟ್ರು. ಈಗಲೂ ಅದು ಟಿಕೆಟ್ ಇಲ್ಲದೆ ಓಡಾಡ್ತಾನೇ ಇದೆ." ದೊಡ್ಡಕ್ಕನ ದನಿ, "ಆಮೇಲೆ ಅಮ್ಮಾ?" "ಆಮೇಲೆ ಇನ್ನೇನು ತಾಯಿ, ಮುಗೀತು."

ಅವಳಿಗೆ ಮೊದಲು ಕಂಡದ್ದು ಊಟದ ಮೇಜು. ಮೊದಲ ವರ್ಷದ ಪರೀಕ್ಷೆ ಮುಗಿಸಿ ಬಂದ ಸಂಜೆ ಅತ್ತೆ ಈ ಕಥೆಯನ್ನು ಮನೆಯಲ್ಲಿ ಹೇಳಿ, "ಇದೆಂಥ ಕಥೇನೇ ನಿಮ್ಮದು? ಬೂಟು ಎಲ್ಲಿ ಹೋಯ್ತು ಅಂತಾನೇ ಹೇಳೋಲ್ಲ," ಎಂದು ಜಗಳ ತೆಗೆದಿದ್ದರು. ಆಗ ಅವನು ಈ ಕೊನೆಯನ್ನು ಕಟ್ಟಿ ಹೇಳಿದ್ದ. ಕುರ್ಚಿಯನ್ನು ಎರಡು ಕಾಲಿನ ಮೇಲೆ ಹಿಂದಕ್ಕೆ ವಾಲಿಸಿ ಕೂತು, ಕಳ್ಳನಿಗೂ ಒಬ್ಬಳು ಮಗಳಿರ್ತಾಳೆ ತಾನೆ, ಎಂದು ಶುರುಮಾಡಿ. ಟಿಕೆಟ್ ಇಲ್ಲದೆ ಓಡಾಡೋ ಬೂಟು, ಅದು ಅವನದ್ದೇ ಮಾತು. ಅವಳಿಗೆ ಒಂದೊಂದು ಶಬ್ದವೂ ನೆನಪಿತ್ತು. ಮೇಜಿನ ಮೇಲಿನ ಪ್ಲಾಸ್ಟಿಕ್ಕಿನ ಹೊದಿಕೆ, ಅದರ ಮೇಲೆ ಲೋಟದ ಒದ್ದೆಯ ಉಂಗುರ, ಅತ್ತೆ ನಕ್ಕು ಕೆಮ್ಮಿದ್ದು. ಅವನ ದನಿ ಮಾತ್ರ ಇರಲಿಲ್ಲ. ಮಾತಿತ್ತು, ದನಿ ಇರಲಿಲ್ಲ. ಶಬ್ದ ತೆಗೆದ ಟೀವಿಯ ಕೆಳಗೆ ಸಾಲು ಓಡುವ ಹಾಗೆ ಅವನ ವಾಕ್ಯಗಳು ಅವನ ಬಾಯಿಯ ಕೆಳಗೆ ಓಡಿದವು. ಕಣ್ಣು ಮುಚ್ಚಿ ಪ್ರಯತ್ನಿಸಿದಳು. ಬೇರೆ ಬೇರೆ ದನಿಗಳನ್ನು ಆ ಬಾಯಿಗೆ ತೊಡಿಸಿ ನೋಡಿದಳು, ಯಾವುದೂ ಅವನದಲ್ಲ. ಹಾಗಾದರೆ ಅದೂ ಹೋಯಿತು ಎಂದುಕೊಂಡಳು. ಎಪ್ಪತ್ತು ದಾಟಿದ ಹೆಂಗಸು ಮಗನ ಕಥೆಯನ್ನು ಅಕ್ಷರ ಬಿಡದೆ ಇಟ್ಟುಕೊಂಡಿದ್ದಾರೆ, ಮಗನದೆಂದು ತಿಳಿಯದೆ. ಮೂವತ್ನಾಲ್ಕರ ತನ್ನ ಹತ್ತಿರ ಅವನ ದನಿಯೂ ಇಲ್ಲ. ಪರೀಕ್ಷೆ ಯಾರಿಗೆ ಮಾಡಬೇಕಾಗಿತ್ತು.

"ಸೇರಿಸಿದ್ದಲ್ಲ ಅಕ್ಕ," ಎಂದಳು ಹೆಡ್‌ಫೋನು ತೆಗೆದು. ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿಸಿತು. "ಅದು ಅವರು ಕೇಳಿದ್ದು."

"ಯಾರಿಂದ? ನಾನಂತೂ ಓದಿಲ್ಲಮ್ಮ."

"ಮನೇಲಿ. ಮೊದಲನೇ ವರ್ಷ. ಇದೇ ಕಥೆ ಬಂದಿತ್ತಲ್ಲ, ಮನೆಗೆ ಬಂದು ಹೇಳಿದ್ರು. ಆಗ ನಮ್ಮ..." ಅವಳು ನಿಂತಳು. ಈ ಕಟ್ಟಡದಲ್ಲಿ ಅವನ ವಿಷಯವನ್ನು ಅವಳೇ ಬಾಯಿಬಿಟ್ಟು ಆಡಿದ್ದಿಲ್ಲ. "ನಮ್ಮ ಮನೆಯವರು ಆ ಕೊನೆ ಕಟ್ಟಿ ಹೇಳಿದ್ರು. ತಮಾಷೆಗೆ. ಅತ್ತೆಗೆ ಎರಡೂ ಸೇರ್ಕೊಂಡಿದೆ, ಅಷ್ಟೆ."

ದೊಡ್ಡಕ್ಕನ ಮುಖ ಒಮ್ಮೆಲೇ ಮೆತ್ತಗಾಯಿತು. ಆ ಮೆತ್ತಗಾಗುವುದನ್ನು ಅವಳು ಎರಡು ವರ್ಷದಿಂದ ಬಲ್ಲಳು: ಮೊದಲು ಹುಬ್ಬು, ಆಮೇಲೆ ಗಲ್ಲ, ಆಮೇಲೆ ಕಣ್ಣು ಎಲ್ಲಾದರೂ ಒಂದು ವಸ್ತುವನ್ನು ಹುಡುಕುತ್ತದೆ. ದೊಡ್ಡಕ್ಕನ ಕಣ್ಣು ಸ್ಟೇಪ್ಲರನ್ನು ಹುಡುಕಿಕೊಂಡಿತು. "ಛೇ, ಛೇ," ಎಂದಳು ಸ್ಟೇಪ್ಲರಿಗೆ. "ಹಾಗಾದ್ರೆ ಇದು ಮರೆವಲ್ಲ ಬಿಡು. ಎಲ್ಲಿ ಕೇಳಿದ್ದು ಅನ್ನೋದು ಕಲಸಿದೆ. ಅದು ಈ ವಯಸ್ಸಿಗೆ ಇದ್ದದ್ದೇ. ನನಗೇ ಈಗ ಅಡುಗೆ ಟೀವಿಲಿ ಕಲ್ತಿದ್ದೋ ಅಮ್ಮ ಹೇಳ್ಕೊಟ್ಟಿದ್ದೋ ಗೊತ್ತಾಗಲ್ಲ. ಹಿಂದೆ ಕೇಳಿದ್ರು ಅಂತ ಬರೆದುಬಿಡ್ತೀನಿ, ಮೀಟಿಂಗಿಗೆ ಬೇಡ." ಆಮೇಲೆ ದನಿ ತಗ್ಗಿಸಿ, "ಒಳ್ಳೆ ಕಥೆ ಕಟ್ಟಿದ್ದಾರೆ ಕಣೇ ನಿಮ್ಮವರು," ಎಂದಳು. ಅವಳು ತಲೆಯಾಡಿಸಿದಳು. ಹೊರಗೆ ಬರುವಾಗ ಕೈಯಲ್ಲಿ ಅತ್ತೆಯ ಚೀಲ ಭಾರವಾಗಿತ್ತು. ಸುಲಭದ ದಾರಿಯನ್ನು ತಾನೇ ಮುಚ್ಚಿದ್ದಾಯಿತು. ಇನ್ನು ಭಾವ ಕೇಳಿದರೆ ಹೇಳಬೇಕಾದವಳು ಅವಳೇ. ಅತ್ತೆಯ ತಲೆ ಸರಿ ಇದೆ, ಆದರೂ ಕರ್ಕೊಂಡು ಹೋಗಿ, ಎಂದು ಹೇಳುವುದಕ್ಕೆ ಆಗುತ್ತದೆಯೇ? ಆಗಬಹುದು ಎನ್ನಿಸಿತು. ದಣಿದವರಿಗೆ ಏನೂ ಆಗಬಹುದು.

ಬಸ್ಸಿನಲ್ಲಿ ಅತ್ತೆಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಅವಳಿಗೆ ಅವರ ಪಕ್ಕ. ಆಫೀಸು ಬಿಡುವ ಹೊತ್ತಿಗೆ ಮುಂಚೆ, ಬಸ್ಸು ಅರ್ಧ ಖಾಲಿ. ಅತ್ತೆ ಸುಸ್ತಾಗಿದ್ದರು. ಹಣೆಯ ಮೇಲೆ ಮೆಷಿನ್ನಿನ ದಿಂಬಿನ ಗೆರೆ ಇನ್ನೂ ಇತ್ತು. ಎರಡು ಸ್ಟಾಪು ಕಳೆದ ಮೇಲೆ, ಹೊರಗೆ ನೋಡುತ್ತಲೇ, "ಹೇಗಿದೆಯಂತೆ ನನ್ನ ತಲೆ?" ಎಂದರು.

"ಚೆನ್ನಾಗಿದೆ."

"ನಿಜ ಹೇಳು. ನಿಮ್ಮ ಭಾವ ನಿನ್ನ ಕೇಳ್ತಾನೆ ಅಂತ ಗೊತ್ತು ನನಗೆ. ಆ ಕೋಣೆಗೆ ಬಣ್ಣ ಹೊಡ್ಸಿದ್ದಾನಂತೆ. ಆಸ್ಪತ್ರೆ ಬಣ್ಣ." ಆಮೇಲೆ ಹೇಳಿದರು, "ನಿನಗೆ ಭಾರ ಆದ್ರೆ ಹೇಳಿಬಿಡು. ನಾನು ಹೋಗಲ್ಲ ಅಂತ ರಂಪ ಮಾಡೋಳಲ್ಲ."

ಅವಳು ಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು. ಮಾತನ್ನು ಬೇರೆ ಕಡೆ ತಿರುಗಿಸಲು, "ಆ ಬೂಟಿನ ಕಥೆ ಎಷ್ಟು ಚೆನ್ನಾಗಿ ನೆನಪಿಟ್ಟಿದ್ದೀರಿ ಅತ್ತೆ," ಎಂದಳು. "ಅವರು ಕಟ್ಟಿದ ಕೊನೆ ಸಮೇತ."

"ಯಾರು ಕಟ್ಟಿದ್ದು?"

"ಅವರು. ನಿಮ್ಮ ಮಗ. ಆವತ್ತು ಊಟಕ್ಕೆ ಕೂತಾಗ."

ಅತ್ತೆ ತಿರುಗಿ ಅವಳನ್ನು ನೋಡಿದರು. "ಅವನೆಲ್ಲಿದ್ದ? ಅವನು ಬರೋಷ್ಟರಲ್ಲಿ ನಾವಿಬ್ರೂ ಉಂಡು ಕೈ ತೊಳ್ದಾಗಿತ್ತು. ಅವನಿಗೆ ತಟ್ಟೆ ಮುಚ್ಚಿಟ್ಟಿದ್ವಿ. ಹೇಳಿದ್ದು ನೀನು."

"ನಾನಾ?"

"ಇನ್ಯಾರು? ಆ ಕುರ್ಚಿ ಹಿಂದಕ್ಕೆ ವಾಲಿಸ್ಕೊಂಡು. ಬೀಳ್ತೀಯೇ, ಬೀಳ್ತೀಯೇ ಅಂತ ನಾನು ಬಡ್ಕೊಳ್ತಾ ಇದ್ದೆ. ಆಮೇಲೆ ಎದ್ದು ಕಳ್ಳನ ಹಾಗೆ ಬೆನ್ನು ಬಗ್ಗಿಸಿ ನಡೆದು ತೋರ್ಸಿದೆ, ನನ್ನ ಚಪ್ಪಲಿ ಎರಡನ್ನೂ ಕಂಕುಳಲ್ಲಿ ಇಟ್ಕೊಂಡು. ನಕ್ಕು ನಕ್ಕು ನನಗೆ ನೆತ್ತಿಗೆ ಹತ್ತಿತ್ತು." ಅತ್ತೆಯ ಮುಖದಲ್ಲಿ ಆ ನಗುವಿನ ಸ್ವಲ್ಪ ಭಾಗ ಬಂದು ಹೋಯಿತು. "ಅವನು ಬಂದಮೇಲೆ ನಾನೇ ಹೇಳ್ದೆ, ನಿನ್ನ ಹೆಂಡ್ತಿ ಹಿಂಗಂದ್ಲು ಕಣೋ ಅಂತ. ಹೂಂ ಅಂದ, ಉಪ್ಪು ಕೊಡು ಅಂದ. ಅವನಿಗೆಲ್ಲಿ ಕಥೆ? ಸಿನಿಮಾಕ್ಕೆ ಕರ್ಕೊಂಡು ಹೋದ್ರೆ ಟೈಟಲ್ ಮುಗಿಯೋಷ್ಟರಲ್ಲಿ ಗೊರಕೆ. ಒಳ್ಳೇನು, ಆದ್ರೆ ಬಾಯಿಂದ ಒಂದು ಮಾತು ಹೊರಡಿಸ್ಬೇಕಂದ್ರೆ ಬಾವಿ ತೋಡಬೇಕು. ಮಾತೆಲ್ಲ ನಿಂದೇ ಆಗಿತ್ತು ಮನೇಲಿ."

ಬಸ್ಸು ಒಂದು ತಿರುವಿನಲ್ಲಿ ವಾಲಿ ಅವಳ ಭುಜ ಅತ್ತೆಯ ಭುಜಕ್ಕೆ ಒತ್ತಿತು. ಮುಚ್ಚಿಟ್ಟ ತಟ್ಟೆ ಕಂಡಿತು. ಮುಚ್ಚಳ ತೆಗೆದಾಗ ಒಳಗೆ ಕಟ್ಟಿದ್ದ ಹನಿಗಳು ಅನ್ನದ ಮೇಲೆ ಬೀಳದ ಹಾಗೆ ಅವಳು ಅದನ್ನು ಓರೆಯಾಗಿ ಎತ್ತಿದ್ದು, ಅವನು ಶೂ ಬಿಚ್ಚದೆಯೇ ಕೂತದ್ದು, ದಣಿದಿದ್ದದ್ದು, ಉಪ್ಪು ಕೇಳಿದ್ದು. ಹೂಂ ಅಂದದ್ದು. ಆ ಹೂಂ ಕೇಳಿಸಿತು. ಗಂಟಲಿನ ಕೆಳಗಿನಿಂದ ಬರುವ, ಬಾಯಿ ತೆರೆಯದ, ಅರ್ಧ ಗಮನದ ಹೂಂ. ಅವಳು ಸೀಟಿನ ಮುಂದಿನ ಕಂಬಿಯನ್ನು ಹಿಡಿದುಕೊಂಡಳು. ಮನೆಯಲ್ಲಿ ಹಿಂದೆ ಆಗಿದ್ದ ನಗುವನ್ನೆಲ್ಲ ಈ ಎರಡು ವರ್ಷದಲ್ಲಿ ಅವಳು ಅವನ ಜೊತೆ ಕಳಿಸಿಬಿಟ್ಟಿದ್ದಳು. ಅವನದಲ್ಲದ್ದನ್ನೂ. ಕಥೆ ಕಟ್ಟುವ, ಕುರ್ಚಿ ವಾಲಿಸುವ, ಮಾತು ಮುಗಿಯದ ಒಬ್ಬ ಗಂಡನನ್ನು ಮಾಡಿಕೊಂಡು, ಆ ಗಂಡನ ದನಿಗಾಗಿ ತಡಕಾಡುತ್ತಿದ್ದಳು. ಆ ಊಟದ ಮೇಜಿನಲ್ಲಿ ಮಾತಾಡಿದವಳು ಸತ್ತಿಲ್ಲ. ಅವಳು ಎಲ್ಲಿಗೆ ಹೋದಳು ಎಂದು ಕೇಳಿದವರೂ ಇಲ್ಲ. ಇಲ್ಲ, ಒಬ್ಬರು ಕೇಳಿದ್ದರು. ಸಾರಿಗೆ ಉಪ್ಪು ಹಾಕುತ್ತ, ಬಟ್ಟೆ ಮಡಚುತ್ತ, ಹೇಳಿ ಮುಗಿಸಿ ಮುಖ ನೋಡುತ್ತ ದಿನವೂ ಕೇಳುತ್ತಿದ್ದರು. ಮಗನಿಗಾಗಿ ಅಳುತ್ತಾಳೋ ಎಂದು ಕಾಯುತ್ತಿದ್ದಾರೆಂದು ಅವಳು ತಿಳಿದಿದ್ದಳು.

ಚೀಲದೊಳಗೆ ಫೋನು ಅದುರಿತು. ಭಾವ.

"ಏನಾಯ್ತಮ್ಮ?"

"ಚೆನ್ನಾಗಿದ್ದಾರೆ ಭಾವ."

"ಮುಲಾಜಿಗೆ ಹೇಳ್ಬೇಡ. ಪಕ್ಕದಲ್ಲೇ ಇದ್ದಾರಾ? ಬರೀ ಹೂಂ ಅನ್ನು ಸಾಕು. ಭಾನುವಾರ ಬರ್ಲಾ?"

ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ಹಲ್ಲಿನ ಸೆಟ್ಟು ಕೊಡುವಾಗ ತಿರುಗಿದ್ದ ಹಾಗೆಯೇ. ಬೆಳಿಗ್ಗೆಯ ಮಾತು ಅವಳ ಬಾಯಿಯಲ್ಲಿ ಇನ್ನೂ ಇತ್ತು. ಸವೆದು ನುಣುಪಾಗಿತ್ತು, ಬಿಟ್ಟರೆ ತಾನಾಗಿ ಜಾರಿ ಬೀಳುವಂತಿತ್ತು.

"ಬನ್ನಿ ಭಾವ, ಊಟಕ್ಕೆ ಬನ್ನಿ. ಕರ್ಕೊಂಡು ಹೋಗೋಕೆ ಬೇಡ."

"ನಿನಗೆ ಕಷ್ಟ ಆಗಲ್ವಾ?"

"ಆಗುತ್ತೆ," ಎಂದಳು. "ಆದ್ರೂ ನನಗೆ ಅತ್ತೆ ಬೇಕು ಭಾವ. ಅವರಿಗೋಸ್ಕರ ಅಲ್ಲ. ನನಗೆ ಬೇಕು." ದನಿ ಕೊನೆಯಲ್ಲಿ ಒಡೆಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಮತ್ತೆ ಮುಂದಕ್ಕೆ ತಿರುಗಿಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಏನೂ ಇರಲಿಲ್ಲ. ಭಾವ ಆ ಕಡೆಯಿಂದ, "ಸರಿ ಕಣಮ್ಮ, ಸರಿ, ಸರಿ, ಅಳ್ಬೇಡ," ಎಂದು ಗಾಬರಿಯಿಂದ ನಾಲ್ಕೈದು ಸಲ ಹೇಳಿ ಇಟ್ಟ. ಅತ್ತೆ ತಮ್ಮ ಸೆರಗಿನ ತುದಿಯನ್ನು ಅವಳ ಕಡೆ ಎಳೆದು ಹಿಡಿದರು. ಅವಳು ಅದರಲ್ಲಿ ಮುಖ ಒತ್ತಿಕೊಂಡಳು. ಬಸ್ಸು ನಿಂತು ನಿಂತು ಹೊರಟಿತು. ಜನ ಇಳಿದರು, ಹತ್ತಿದರು.

ಬಹಳ ಹೊತ್ತಿನ ಮೇಲೆ ಅತ್ತೆ, "ಇದೇನೇ, ಇಲ್ಲಿ ಪೆಟ್ರೋಲ್ ಬಂಕ್ ಯಾವಾಗ ಬಂತು?" ಎಂದರು.

ಅವಳು ತಲೆಯೆತ್ತಿ ನೋಡಿದಳು. ಬಂಕು, ಅದರ ಪಕ್ಕ ಟೈರಿನ ಅಂಗಡಿ, ಅದರಾಚೆ ಒಂದು ಉದ್ದನೆಯ ಗೋಡೆ. ಯಾವುದೂ ಅವರ ದಾರಿಯಲ್ಲಿ ಇರುವಂಥದ್ದಲ್ಲ. "ನಮ್ಮ ಸ್ಟಾಪು ಹೋಗಿದೆ ಅತ್ತೆ."

"ಯಾವಾಗ ಹೋಯ್ತು?"

"ಯಾವಾಗಲೋ."

ಇಳಿದರು. ಬಸ್ಸು ಹೋದಮೇಲೆ ರಸ್ತೆಯ ಬದಿಯಲ್ಲಿ ಇಬ್ಬರೇ ಉಳಿದರು. ವಾಪಸು ಹೋಗುವ ಬಸ್ಸಿಗೆ ರಸ್ತೆ ದಾಟಬೇಕಾಗಿತ್ತು, ಲಾರಿಗಳು ಬಿಡುವಿಲ್ಲದೆ ಬರುತ್ತಿದ್ದವು. ಅತ್ತೆ ಸೆರಗು ಸರಿಪಡಿಸಿಕೊಂಡು, ಒದ್ದೆಯಾದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದರು.

"ಇದನ್ನ ನಿಮ್ಮ ಭಾವನಿಗೆ ಹೇಳ್ಬೇಡ," ಎಂದರು.

"ಇಲ್ಲ."

"ಕೇಳಿದ್ರೆ?"

"ಕೇಳಿದ್ರೆ ನಾನು ಮರೆತೆ ಅಂತೀನಿ."

"ನೀನ್ಯಾಕೆ ಮರೆತೆ ಅನ್ಬೇಕು?" ಅತ್ತೆ ಬರುತ್ತಿದ್ದ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದು ರಸ್ತೆಗಿಳಿದರು. "ಇಬ್ರೂ ಮಾತಾಡ್ತಾ ಕೂತಿದ್ವಿ ಅನ್ನು."